ಮುಚ್ಚಿದ ಬಟ್ಟಲಿನ ಹೆಡ್‌ಫೋನು

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಈಚೆಗೆ ನನ್ನ ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಕಂಡು, "ಮೂರು ಹೆಡ್‌ಫೋನುಗಳು ಈಗಾಗಲೇ ಇರುವಾಗ ಮತ್ತೊಂದು ಏಕೆ? ನಿಮಗಿರುವ ಕಿವಿಗಳು ಎರಡೇ ಅಲ್ಲವೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಗಂಟೆ ಹೊಡೆದು ತರಗತಿಗೆ ಹೋಗಬೇಕಾಗಿದ್ದುದರಿಂದ ಅಂದು ನಾನು ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಗೀತ ಕೇಳುವ ಅಭ್ಯಾಸವುಳ್ಳ ವಾಚಕರಲ್ಲಿ ಹಲವರು ಇದೇ ಪ್ರಶ್ನೆಯನ್ನು ತಮ್ಮ ಮನೆಯವರಿಂದಲೂ ಕೇಳಿಸಿಕೊಂಡಿರುವುದು ಅಸಂಭವವೇನಲ್ಲ.

ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಕಂಪಿಸುವ ಪೊರೆಯ ಹಿಂಬದಿಯನ್ನು ಜಾಲರಿಯಿಂದ ಮಾತ್ರ ಮರೆಮಾಡಿ ಹೊರಗಿನ ಗಾಳಿಗೆ ತೆರೆದಿಟ್ಟದ್ದು ಒಂದು. ಅದೇ ಹಿಂಬದಿಯನ್ನು ಗಟ್ಟಿಯಾದ ಬಟ್ಟಲಿನಿಂದ ಮುಚ್ಚಿದ್ದು ಇನ್ನೊಂದು. ಮೊದಲನೆಯದನ್ನು ಇಟ್ಟುಕೊಂಡಿರುವವರು ಎರಡನೆಯದನ್ನು ಕೊಳ್ಳಲು ಹೊರಟಾಗ ಸಾಮಾನ್ಯವಾಗಿ, "ಇದು ನನ್ನ ಹಳೆಯದರಂತೆಯೇ ನುಡಿಯುತ್ತದೆಯೆ?" ಎಂದು ವಿಚಾರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು ಪ್ರಶ್ನೆ. ಹಳೆಯದರಂತೆಯೇ ನುಡಿಯುವುದು ಬೇಕಾಗಿದ್ದರೆ ಹಳೆಯದೇ ಇದೆಯಲ್ಲ! ಹಳೆಯದು ಮಾಡಲಾರದ ಕೆಲಸ ಯಾವುದು, ಆ ಕೆಲಸವನ್ನು ಇದು ನನ್ನ ತಲೆಯ ಮೇಲೆ, ನನ್ನ ಮನೆಯೊಳಗೆ ಎಷ್ಟರಮಟ್ಟಿಗೆ ಮಾಡೀತು ಎಂಬುದೇ ಸರಿಯಾದ ಪ್ರಶ್ನೆ. ಇಷ್ಟು ಸರಳವಾದ ಸಂಗತಿಯನ್ನು ಮನಗಾಣಲು ನಾನು ಒಂದು ಹೆಡ್‌ಫೋನಿನ ಬೆಲೆಯನ್ನು ತೆರಬೇಕಾಯಿತು.

ಬಟ್ಟಲು ಮುಚ್ಚಿದ ಹೆಡ್‌ಫೋನು ತೆರೆದದ್ದರ ಅಗ್ಗದ ಅನುಕರಣೆಯೆಂಬ ಭಾವನೆ ಅನೇಕರಲ್ಲಿದೆ. ಚರಿತ್ರೆಯಾದರೋ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ ೧೯೧೦ರಲ್ಲಿ ತನ್ನ ಮನೆಯ ಅಡಿಗೆ ಕೋಣೆಯಲ್ಲಿ ತಯಾರಿಸಿ ಆ ದೇಶದ ನೌಕಾಪಡೆಗೆ ಒದಗಿಸಿದ ಹೆಡ್‌ಫೋನುಗಳು, ೧೯೩೭ರಲ್ಲಿ ಜರ್ಮನಿಯಲ್ಲಿ ಬೈಯರ್ ಸಂಸ್ಥೆಯವರು ಹೊರತಂದ ಡಿಟಿ ೪೮, ಜಾನ್ ಕಾಸ್ ೧೯೫೮ರಲ್ಲಿ ಮಿಲ್ವಾಕಿ ನಗರದಲ್ಲಿ ತೋರಿಸಿದ ಮೊದಲ ಸ್ಟೀರಿಯೋ ಹೆಡ್‌ಫೋನು, ಇವೆಲ್ಲವೂ ಹಿಂಬದಿ ಮುಚ್ಚಿದವೇ. ತೆರೆದ ಬೆನ್ನಿನದು ಪೇಟೆಗೆ ಬಂದದ್ದು ೧೯೬೮ರಲ್ಲಿ, ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ ೪೧೪ ಎಂಬ ಹಳದಿ ಸ್ಪಂಜಿನ ಮಾದರಿಯ ರೂಪದಲ್ಲಿ. ಹೀಗಾಗಿ ಇವೆರಡರಲ್ಲಿ ಹಿರಿಯದು ಮುಚ್ಚಿದ್ದೇ. ತೆರೆದದ್ದು ತನ್ನ ಹಗುರತನದಿಂದಲೂ ನಿರಾಯಾಸವಾದ ನಾದದಿಂದಲೂ ಸಂಗೀತ ಪ್ರಿಯರನ್ನು ಬೇಗ ಒಲಿಸಿಕೊಂಡಿತು.

ನನ್ನಲ್ಲಿರುವ ಮೂರರಲ್ಲಿ ಎರಡು ಈ ತೆರೆದ ಜಾತಿಯವು. ಮುಖ್ಯವಾದದ್ದು ೧೯೯೭ರಲ್ಲಿ ಬಂದು ಇಂದಿಗೂ ಹೆಸರು ಕೆಡಿಸಿಕೊಳ್ಳದ ಸೆನ್‌ಹೈಸರ್ ಎಚ್‌ಡಿ ೬೦೦. ಇನ್ನೊಂದು ೧೯೮೪ರ ವಿನ್ಯಾಸದ, ಕಿವಿಯ ಮೇಲೆ ಹಗುರವಾಗಿ ಕೂರುವ ಕಾಸ್ ಪೋರ್ಟಾ ಪ್ರೋ. ಮೂರನೆಯದು ಕಿವಿಯ ಕೊಳವೆಯೊಳಗೇ ತೂರಿಸಿಕೊಳ್ಳುವ ಬಿರಡೆಯ ಮಾದರಿ. ಅದನ್ನು ಅರ್ಧ ಗಂಟೆಗಿಂತ ಹೆಚ್ಚು ಹಾಕಿಕೊಂಡರೆ ನನ್ನ ಕಿವಿ ನವೆಯಾಗುತ್ತದೆ. ವೀಣೆಯನ್ನೋ ಗಾಯನವನ್ನೋ ರಾತ್ರಿ ಹೊತ್ತು ಏಕಾಂತದಲ್ಲಿ ಕೇಳಲು ಎಚ್‌ಡಿ ೬೦೦ಕ್ಕಿಂತ ಹೆಚ್ಚಿನದು ನನಗೆ ಬೇಕಾಗಿರಲಿಲ್ಲ. ಏಕಾಂತವಿದ್ದಷ್ಟು ಕಾಲ ಈ ಮಾತು ನಿಜವಾಗಿತ್ತು.

೨೦೨೩ರ ಮಳೆಗಾಲದಲ್ಲಿ ನಮ್ಮ ತಂದೆಯವರು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಲೆನಾಡಿನ ನಮ್ಮ ಊರಿನಿಂದ ಬಂದು ನಮ್ಮೊಡನೆ ಉಳಿದರು. ನಾವಿರುವುದು ಎರಡು ಕೋಣೆಗಳ ಬಾಡಿಗೆ ಮನೆ. ನಾನು ಓದುವ, ಉತ್ತರ ಪತ್ರಿಕೆ ತಿದ್ದುವ ಮೇಜಿಗೂ ಅವರ ಮಂಚಕ್ಕೂ ನಡುವೆ ಒಂದು ಪರದೆ ಮಾತ್ರ. ಮೂರನೆಯ ದಿನ ಬೆಳಗ್ಗೆ ಅವರು, "ಈ ಪಟ್ಟಣದ ಮನೆಯೊಳಗೂ ಜೀರುಂಡೆ ಸೇರಿದೆಯಲ್ಲ, ರಾತ್ರಿಯೆಲ್ಲ ಕಿರುಗುಟ್ಟುತ್ತಿತ್ತು" ಎಂದರು. ಆ ಜೀರುಂಡೆ ನನ್ನ ಹೆಡ್‌ಫೋನೇ ಆಗಿತ್ತು. ನಾನು ಕೇಳುತ್ತಿದ್ದುದು ಗಂಭೀರವಾದ ತೋಡಿ ರಾಗ. ಪರದೆಯಾಚೆಗೆ ತಲಪುತ್ತಿದ್ದುದು ಕೀಟದ ಕಿರುಚು.

ತೋಡಿ ಜೀರುಂಡೆಯಾಗಲು ಕಾರಣವೇನು? ಸ್ವಲ್ಪ ನಿಂತು ನೋಡುವುದು ಲೇಸು, ಏಕೆಂದರೆ ಮುಂದಿನ ಸಂಗತಿಗಳೆಲ್ಲ ಇದರಿಂದಲೇ ಹೊರಡುತ್ತವೆ. ಮೆತ್ತೆ, ಕೆನ್ನೆ, ಕಿವಿ, ಪೊರೆ ಇವುಗಳ ನಡುವೆ ಸಿಕ್ಕಿದ ಗಾಳಿ ಒಂದು ಪುಟ್ಟ ಕೋಣೆ. ಮಂದ್ರ ಸ್ವರಗಳ ಅಲೆಯ ಉದ್ದಕ್ಕೆ ಹೋಲಿಸಿದರೆ ಈ ಕೋಣೆ ತೀರ ಚಿಕ್ಕದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುತ್ತದೆಯಾದ್ದರಿಂದ, ೧೦೦ ಹರ್ಟ್ಸಿನ ಸ್ವರದ ಅಲೆಯ ಉದ್ದ ಮೂರೂವರೆ ಮೀಟರಿನಷ್ಟಾಗುತ್ತದೆ. ಇಂತಹ ಚಿಕ್ಕ ಕೋಣೆಯಲ್ಲಿ ಅಲೆ ಹರಡುವ ಮಾತೇ ಇಲ್ಲ. ಪೊರೆ ಎಷ್ಟು ಒಳಕ್ಕೆ ಸರಿದರೆ ಅಷ್ಟು ಒತ್ತಡ ಏರುತ್ತದೆ, ಅಷ್ಟೆ. ಹೊರಗಿನ ಬಯಲಿನಲ್ಲಾದರೋ ನಿಯಮ ಬೇರೆ. ಅಲ್ಲಿ ದೂರಕ್ಕೆ ಹೋಗುವ ಶಬ್ದದ ಒತ್ತಡವು ಪೊರೆಯ ಸರಿದಾಟವನ್ನಲ್ಲ, ಅದರ ವೇಗೋತ್ಕರ್ಷವನ್ನು ಅವಲಂಬಿಸಿರುತ್ತದೆ. ಒಂದೇ ಅಳತೆಯ ಸರಿದಾಟಕ್ಕೆ ಕಂಪನ ಸಂಖ್ಯೆ ಎರಡರಷ್ಟಾದರೆ ವೇಗೋತ್ಕರ್ಷ ನಾಲ್ಕರಷ್ಟಾಗುತ್ತದೆ. ಆದಕಾರಣ ಕಿವಿಯೊಳಗೆ ಸಮಬಲದಿಂದ ಕೇಳುವ ೧೦೦ ಹರ್ಟ್ಸ್ ಮತ್ತು ೧,೦೦೦ ಹರ್ಟ್ಸಿನ ಎರಡು ಸ್ವರಗಳಲ್ಲಿ, ಸ್ಥೂಲವಾದ ಲೆಕ್ಕದಂತೆ, ಎರಡನೆಯದು ಹೊರಗಿನವರಿಗೆ ನೂರು ಪಟ್ಟು ಹೆಚ್ಚು ಒತ್ತಡದಿಂದ ತಲಪುತ್ತದೆ. ಮೃದಂಗದ ಗುಂಕಾರವೂ ತಂಬೂರಿಯ ಷಡ್ಜವೂ ಕೇಳುವವನ ಪಾಲಿಗೆ. ತಾಳದ ಝಣ ಝಣ ಮಾತ್ರ ಪಕ್ಕದವರ ಪಾಲಿಗೆ. ಬಸ್ಸಿನಲ್ಲಿ ನೆರೆಯವನ ಹೆಡ್‌ಫೋನಿನಿಂದ 'ಚಿಸ್ ಚಿಸ್' ಎಂಬ ಸದ್ದೊಂದೇ ಬರುವುದೂ ಇದೇ ಕಾರಣದಿಂದ.

ಹೀಗಾಗಿ ನನಗೆ ಬಟ್ಟಲು ಮುಚ್ಚಿದ ಹೆಡ್‌ಫೋನು ಬೇಕಾಯಿತು. ನಾನು ಅಂಗಡಿಗೆ ಹೋಗಿ, ವಿಮರ್ಶಕರು ಬಹುವಾಗಿ ಹೊಗಳಿದ್ದ, ದಪ್ಪವಾದ ಕೃತಕ ಚರ್ಮದ ಮೆತ್ತೆಯ, ತಲೆಯನ್ನು ಇಕ್ಕಳದಂತೆ ಹಿಡಿಯುವ ಮಾದರಿಯೊಂದನ್ನು ಎರಡು ನಿಮಿಷ ಕೇಳಿ ಕೊಂಡುತಂದೆ. ಹೆಸರು ಹೇಳುವುದಿಲ್ಲ, ತಪ್ಪು ಅದರದಲ್ಲ. ಅಂಗಡಿಯಲ್ಲಿ ಅದನ್ನು ಹಾಕಿಕೊಳ್ಳುವ ಮುನ್ನ ನಾನು ಕನ್ನಡಕ ತೆಗೆದಿಟ್ಟಿದ್ದೆ. ಮನೆಯಲ್ಲಿ ಕನ್ನಡಕವಿಲ್ಲದೆ ನನಗೆ ಉತ್ತರ ಪತ್ರಿಕೆಯ ಸಾಲು ಕಾಣುವುದಿಲ್ಲ. ಕನ್ನಡಕ ಹಾಕಿ ಅದರ ಮೇಲೆ ಹೆಡ್‌ಫೋನು ಹಾಕಿದೊಡನೆ ಮಂದ್ರ ಸ್ವರಗಳೆಲ್ಲ ಸೋರಿಹೋಗಿ, ಹಾಡುವವರು ತಗಡಿನ ಡಬ್ಬಿಯೊಳಗೆ ಕುಳಿತು ಹಾಡುವಂತಾಯಿತು.

ಭೌತಶಾಸ್ತ್ರದ ಅಧ್ಯಾಪಕನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು, ಕಿವಿಯ ಹಿಂದೆ ಒಂದು ಸಣ್ಣ ಸಂದು ಮಾಡುತ್ತದೆ. ಸೈಕಲ್ಲಿಗೆ ಗಾಳಿ ತುಂಬುವ ಪಂಪನ್ನು ನೆನೆಸಿಕೊಳ್ಳಿ. ಅದರ ಬಾಯಿಗೆ ಬೆರಳನ್ನು ಸಡಿಲವಾಗಿ ಒತ್ತಿ, ಹಿಡಿಯನ್ನು ನಿಧಾನವಾಗಿ ತಳ್ಳಿದರೆ ಗಾಳಿ ಸಂದಿನಿಂದ ಜಾರಿಹೋಗುತ್ತದೆ, ಒತ್ತಡವೇ ಹುಟ್ಟುವುದಿಲ್ಲ. ಥಟ್ಟನೆ ತಳ್ಳಿದರೆ ಗಾಳಿಗೆ ತಪ್ಪಿಸಿಕೊಳ್ಳಲು ಬಿಡುವಿಲ್ಲ. ಹಿಡಿ ಕೈಗೆ ಎದುರು ಒತ್ತುತ್ತದೆ. ಮಂದ್ರ ಸ್ವರವೆಂದರೆ ನಿಧಾನದ ತಳ್ಳು, ತಾರ ಸ್ವರವೆಂದರೆ ಥಟ್ಟನೆಯ ತಳ್ಳು. ಸಂದು ಮೊದಲು ಕದಿಯುವುದು ಮಂದ್ರವನ್ನೇ. ವಾಚಕರು ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಮುಚ್ಚಿದ ಬಟ್ಟಲಿನ ಯಾವುದಾದರೂ ಹೆಡ್‌ಫೋನಿನಲ್ಲಿ ೫೦ ಹರ್ಟ್ಸಿನ ಶುದ್ಧ ಸ್ವರವನ್ನು ಮೆಲ್ಲಗೆ ನುಡಿಸಿ, ಮೆತ್ತೆಗೂ ಕೆನ್ನೆಗೂ ನಡುವೆ ಒಂದು ಪೆನ್ಸಿಲನ್ನು ತೂರಿಸಿರಿ. ಸ್ವರ ಬಹುಮಟ್ಟಿಗೆ ಅಡಗುತ್ತದೆ. ಅನಂತರ ೧,೦೦೦ ಹರ್ಟ್ಸನ್ನು ನುಡಿಸಿ ಅದೇ ಪೆನ್ಸಿಲನ್ನು ತೂರಿಸಿರಿ. ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಮುಚ್ಚಿದ ಹೆಡ್‌ಫೋನಿನ ಗುಣವೆಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಅದರ ಗುಣವೇ ಅಲ್ಲ; ಅದೂ ನಮ್ಮ ತಲೆಯೂ ಸೇರಿ ಆದ ಸಂಬಂಧದ ಗುಣ. ದವಡೆಯ ಆಕಾರ, ಕಿವಿಯ ಹಿಂದಿನ ಹಳ್ಳ, ಕೂದಲು, ಕಿವಿಯೋಲೆ, ಕನ್ನಡಕ ಇವೆಲ್ಲವೂ ಅದರ ವಿನ್ಯಾಸದಲ್ಲಿ ಪಾಲುಗೊಳ್ಳುತ್ತವೆ. ಇನ್ನೊಬ್ಬರ ತಲೆಯ ಮೇಲೆ ಅದು ಹೇಗೆ ನುಡಿಯಿತೆಂಬ ವರ್ಣನೆಯನ್ನು ಓದಿ ಕೊಳ್ಳುವುದು ಇನ್ನೊಬ್ಬರ ಕನ್ನಡಕದ ಅಂಕವನ್ನು ನೋಡಿ ಕನ್ನಡಕ ಮಾಡಿಸಿದಂತೆಯೇ ಸರಿ. ಹಾಗೆ ಕೊಂಡ ಆ ಹೆಡ್‌ಫೋನು ಈಗ ನನ್ನ ತಂಗಿಯ ಮಗನ ಬಳಿ ಇದೆ. ಅವನಿಗೆ ಕನ್ನಡಕವಿಲ್ಲ; ಬಹಳ ಚೆನ್ನಾಗಿದೆ ಎನ್ನುತ್ತಾನೆ.

ಇನ್ನು ಬಟ್ಟಲಿನ ಒಳಗಿನ ಸಂಗತಿ. ಹಿಂಬದಿಯನ್ನು ಮುಚ್ಚಿದಾಗ ಅಲ್ಲಿ ಸಿಕ್ಕಿಬಿದ್ದ ಗಾಳಿ ಒಂದು ಸ್ಪ್ರಿಂಗಿನಂತೆ ಪೊರೆಯನ್ನು ತಡೆಯುತ್ತದೆ. ಬಟ್ಟಲಿನ ಗಾತ್ರವನ್ನು ಅರ್ಧಕ್ಕಿಳಿಸಿದರೆ ಆ ಸ್ಪ್ರಿಂಗಿನ ಬಿಗುವು ಎರಡರಷ್ಟಾಗುತ್ತದೆ. ಮಡಿಸಿ ಚೀಲದೊಳಗೆ ಇಡಬಹುದಾದ ಚಿಕ್ಕ ಬಟ್ಟಲಿನವುಗಳಲ್ಲಿ ಮಂದ್ರವನ್ನು ಹಿಡಿತದಲ್ಲಿಡುವುದು ಕಷ್ಟವಾಗುವುದು ಇದರಿಂದ. ತಯಾರಕರು ಬಟ್ಟಲಿಗೆ ಸೂಜಿಮೊನೆಯಷ್ಟು ರಂಧ್ರಗಳನ್ನು ಕೊರೆದು ಈ ಬಿಗುವನ್ನು ಹದಕ್ಕೆ ತರುವುದುಂಟು. ಎರಡನೆಯ ತೊಡಕು ಪ್ರತಿಫಲನದ್ದು. ಪೊರೆಯ ಹಿಂದಿನಿಂದ ಹೊರಟ ಶಬ್ದ ಬಟ್ಟಲಿನ ಗೋಡೆಗೆ ತಾಗಿ ಹಿಂತಿರುಗುತ್ತದೆ. ಬಟ್ಟಲು ಒಳಗೆ ೪ ಸೆಂಟಿಮೀಟರು ಅಗಲವಿದ್ದರೆ, ಅರ್ಧ ಅಲೆ ಅದರೊಳಗೆ ಸರಿಯಾಗಿ ಹಿಡಿಯುವ ಕಂಪನ ಸಂಖ್ಯೆ ಸುಮಾರು ೪,೩೦೦ ಹರ್ಟ್ಸ್ ಆಗುತ್ತದೆ, ಅಲ್ಲಿ ಅನುರಣನವೇರ್ಪಡುತ್ತದೆ. ದುರದೃಷ್ಟಕ್ಕೆ ನಮ್ಮ ಕಿವಿ ಅತ್ಯಂತ ಚುರುಕಾಗಿರುವ ಭಾಗವೂ ಇದರ ನೆರೆಯದೇ, ಏಕೆಂದರೆ ಕಿವಿಯ ಎರಡೂವರೆ ಸೆಂಟಿಮೀಟರಿನ ಕೊಳವೆ ಸುಮಾರು ೩,೦೦೦ ಹರ್ಟ್ಸಿನ ಬಳಿ ತಾನೇ ಅನುರಣಿಸುತ್ತದೆ. 'ಸ', 'ಶ' ಅಕ್ಷರಗಳು ಚುಚ್ಚುವಂತೆ ಕೇಳುವುದು, ಪಿಟೀಲಿನ ಕಮಾನು ಗೀರಿದಂತಾಗುವುದು ಅನೇಕ ವೇಳೆ ಇಂತಹ ಅನುರಣನದ ಫಲ. ಬಟ್ಟಲಿನೊಳಗೆ ಹತ್ತಿಯನ್ನೋ ಉಣ್ಣೆಯ ಹಾಳೆಯನ್ನೋ ತುಂಬಿ, ಗೋಡೆಗಳನ್ನು ಓರೆಯಾಗಿ ಕಟ್ಟಿ ಇದನ್ನು ತಗ್ಗಿಸುತ್ತಾರೆ. ತಗ್ಗಿಸಬಹುದು, ಆದರೆ ಬಯಲನ್ನು ಡಬ್ಬಿಯೊಳಗೆ ತುಂಬಿಸಲಾಗದು. ತೆರೆದ ಬೆನ್ನಿನಲ್ಲಿ ಈ ಶಬ್ದ ಹೊರಟುಹೋಗಿಬಿಡುತ್ತದೆ, ಮುಚ್ಚಿದ್ದರಲ್ಲಿ ಅದನ್ನು ಕೊಲ್ಲಬೇಕು. ಎಷ್ಟು ನಿಪುಣನಾದ ವಿನ್ಯಾಸಕನೂ ಅದನ್ನು ಪೂರ್ತಿಯಾಗಿ ಕೊಲ್ಲಲಾರ. ಮುಚ್ಚಿದ್ದು ತೆರೆದದ್ದರಂತೆ ನುಡಿಯಬೇಕೆಂದು ಪಟ್ಟು ಹಿಡಿದವರು ಬೆಲೆಯ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ ಹೋಗುವುದನ್ನು ಕಂಡಿದ್ದೇನೆ. ಅವರು ಕೊನೆಗೆ ಕೇಳುವುದು ಹಳೆಯ ತೆರೆದದ್ದನ್ನೇ.

ಬೆಲೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು ೨೦೧೭ರಲ್ಲಿ ೨೮೩ ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಮಾರಾಟದ ಬೆಲೆಯೊಡನೆ ಹೋಲಿಸಿ, ಮಂದ್ರದಿಂದ ತಾರದವರೆಗೆ ಅವು ನುಡಿಯುವ ಸಮತೋಲಕ್ಕೂ ಬೆಲೆಗೂ ಸಂಬಂಧವಿಲ್ಲವೆಂದು ಪ್ರಕಟಿಸಿದರು. ಹಾಗೆಂದು ಬೆಲೆ ವ್ಯರ್ಥವೆಂದಲ್ಲ; ಗಟ್ಟಿಮುಟ್ಟಾದ ಕಟ್ಟಣೆಗೆ, ಬದಲಾಯಿಸಬಹುದಾದ ಮೆತ್ತೆಗೆ, ಮೆತ್ತನೆಯ ತಲೆಪಟ್ಟಿಗೆ ಹಣ ಕೊಡುವುದು ಸರಿಯೇ. ನಾದಕ್ಕಾಗಿ ಮಾತ್ರ ಕೊಡುತ್ತಿದ್ದೇವೆಂದು ತಿಳಿಯಬಾರದು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ '೫ರಿಂದ ೩೫,೦೦೦ ಹರ್ಟ್ಸ್' ಎಂಬಂತಹ ಅಂಕಿಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಆ ಮೇರೆಗಳ ನಡುವೆ ಎಷ್ಟು ಡೆಸಿಬೆಲ್ ಏರಿಳಿತವಿದೆಯೆಂದು ಹೇಳದ ಹೊರತು ಅವುಗಳಿಗೆ ಅರ್ಥವಿಲ್ಲ. ಮನುಷ್ಯನ ಕಿವಿಯಾದರೋ ೨೦,೦೦೦ಕ್ಕೆ ನಿಲ್ಲುತ್ತದೆ, ನನ್ನಂತೆ ಮೂವತ್ತು ದಾಟಿದವರಲ್ಲಿ ಅದಕ್ಕೂ ಮೊದಲೇ.

ಓದಬೇಕಾದ ಅಂಕಿ ಓಮ್‌ಗಳದ್ದು. ನನ್ನ ಎಚ್‌ಡಿ ೬೦೦ರ ಇಂಪೀಡೆನ್ಸು ೩೦೦ ಓಮ್. ಅದಕ್ಕಾಗಿಯೇ ನಾನೊಂದು ಚಿಕ್ಕ ಆಂಪ್ಲಿಫಯರನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ೧ ವೋಲ್ಟು ಕೊಡುವ ಯಂತ್ರವೊಂದು ೩೦೦ ಓಮಿಗೆ ಸುಮಾರು ೩ ಮಿಲಿವ್ಯಾಟು ಒದಗಿಸಿದರೆ, ೩೨ ಓಮಿಗೆ ೩೧ ಮಿಲಿವ್ಯಾಟು ಒದಗಿಸುತ್ತದೆ. ಮುಚ್ಚಿದ್ದನ್ನು ಪ್ರಯಾಣದಲ್ಲಿ ಫೋನಿಗೆ ಸಿಕ್ಕಿಸುವುದಾದರೆ ಕಡಮೆ ಓಮಿನದನ್ನು ಆರಿಸಬೇಕು. ಬೈಯರ್‌ಡೈನಮಿಕ್ ಡಿಟಿ ೭೭೦ ಪ್ರೋ ಎಂಬ ಹೆಸರಾಂತ ಮುಚ್ಚಿದ ಮಾದರಿ ೩೨, ೮೦, ೨೫೦ ಓಮ್‌ಗಳಲ್ಲಿ ಬಂದಿರುವುದು ಈ ಕಾರಣಕ್ಕೆ. ೧೯೯೧ರಿಂದ ಧ್ವನಿಮುದ್ರಣ ಶಾಲೆಗಳಲ್ಲಿ ಬೇರೂರಿರುವ ಸೋನಿ ಎಂಡಿಆರ್ ೭೫೦೬ ೬೩ ಓಮ್, ಆಡಿಯೋ ಟೆಕ್ನಿಕಾ ಎಂ೫೦ಎಕ್ಸ್ ೩೮ ಓಮ್. ಸಂಗ್ರಹದಲ್ಲಿ ಆಂಪ್ಲಿಫಯರು ಈಗಾಗಲೇ ಇದ್ದು, ಮುಚ್ಚಿದ್ದು ಮೇಜು ಬಿಟ್ಟು ಕದಲುವುದಿಲ್ಲವೆಂದಾದರೆ ಈ ಚಿಂತೆಯಿಲ್ಲ.

ಮುಚ್ಚಿದ ಬಟ್ಟಲಿನ ಪರವಾಗಿ ಹೇಳಬೇಕಾದ ಅತಿ ಗಂಭೀರವಾದ ಮಾತು ಸಂಗೀತಕ್ಕಲ್ಲ, ಕಿವಿಗೆ ಸಂಬಂಧಿಸಿದ್ದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವವರು. ಬಸ್ಸಿನ ಗದ್ದಲ ೮೦ ಡೆಸಿಬೆಲ್ ಎಂದು ಇಟ್ಟುಕೊಳ್ಳೋಣ. ತೆರೆದ ಹೆಡ್‌ಫೋನು ಅದನ್ನು ತಡೆಯುವುದೇ ಇಲ್ಲವಾದ್ದರಿಂದ, ಹಾಡು ಸ್ಪಷ್ಟವಾಗಬೇಕಾದರೆ ಅದನ್ನು ೯೦ಕ್ಕೆ ಏರಿಸಬೇಕು. ಗದ್ದಲವನ್ನು ೨೦ ಡೆಸಿಬೆಲ್ ತಗ್ಗಿಸುವ ಮುಚ್ಚಿದ ಬಟ್ಟಲಿದ್ದರೆ ಅದೇ ಸ್ಪಷ್ಟತೆಗೆ ೭೦ ಸಾಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ನಿಯಮದಂತೆ ೮೫ ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು, ಅಲ್ಲಿಂದ ಪ್ರತಿ ೩ ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯಬೇಕು. ೯೧ಕ್ಕೆ ಎರಡೇ ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ ೨೦೧೮ರಲ್ಲಿ ರೂಪಿಸಿದ ಮಾರ್ಗಸೂಚಿ ಇನ್ನೂ ಬಿಗಿ: ವಯಸ್ಕರಿಗೆ ವಾರಕ್ಕೆ ೪೦ ಗಂಟೆ ೮೦ ಡೆಸಿಬೆಲ್. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮುಚ್ಚಿದ್ದನ್ನು ಕೊಂಡೂ ಹಳೆಯ ಅಭ್ಯಾಸದಂತೆ ಸದ್ದನ್ನು ಏರಿಸಿಯೇ ಕೇಳುವವರಿದ್ದಾರೆ. ಅವರು ಹಣ ಕೊಟ್ಟದ್ದು ಏತಕ್ಕೆಂದು ನನಗೆ ಅರ್ಥವಾಗುವುದಿಲ್ಲ.

ಆದರೆ ಬಟ್ಟಲು ಎಲ್ಲ ಗದ್ದಲವನ್ನೂ ಸಮನಾಗಿ ತಡೆಯುವುದಿಲ್ಲ. ಗೋಡೆಯೊಂದು ಶಬ್ದವನ್ನು ತಡೆಯುವ ಶಕ್ತಿ ಅದರ ತೂಕವನ್ನೂ ಶಬ್ದದ ಕಂಪನ ಸಂಖ್ಯೆಯನ್ನೂ ಅವಲಂಬಿಸಿದೆ. ಯಾವುದೊಂದು ಇಮ್ಮಡಿಯಾದರೂ ತಡೆ ಸುಮಾರು ೬ ಡೆಸಿಬೆಲ್ ಹೆಚ್ಚುತ್ತದೆ. ಕುಕ್ಕರಿನ ಸೀಟಿ, ಮಾತು, ಪಾತ್ರೆಗಳ ಸದ್ದು ಬಹುಮಟ್ಟಿಗೆ ಹೊರಗುಳಿಯುತ್ತವೆ. ಬಸ್ಸಿನ ಇಂಜಿನಿನ ಗುಡುಗು ಒಳಗೆ ಬಂದೇ ಬರುತ್ತದೆ. ಆ ಗುಡುಗಿಗೆ ಮದ್ದು ಎದುರು ಶಬ್ದವನ್ನು ಹುಟ್ಟಿಸಿ ರದ್ದುಪಡಿಸುವ ವಿದ್ಯುತ್ ಉಪಾಯ. ಜರ್ಮನಿಯ ಪಾಲ್ ಲ್ಯೂಗ್ ಇದಕ್ಕೆ ೧೯೩೬ರಲ್ಲೇ ಅಮೆರಿಕದಲ್ಲಿ ಪೇಟೆಂಟು ಪಡೆದಿದ್ದನು. ಬಂಗಾಳದಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ತಂದೆಯ ಮಗನಾದ ಅಮರ್ ಬೋಸ್ ೧೯೭೮ರಲ್ಲಿ ವಿಮಾನ ಪ್ರಯಾಣ ಮಾಡುತ್ತಿದ್ದಾಗ ಅದನ್ನು ಹೆಡ್‌ಫೋನಿಗೆ ಅಳವಡಿಸುವ ಲೆಕ್ಕವನ್ನು ಆರಂಭಿಸಿದರು. ಉದ್ದವಾದ ಅಲೆಗಳನ್ನು ಎದುರಿಸುವುದು ಸುಲಭವಾದ್ದರಿಂದ ಈ ಉಪಾಯ ಮಂದ್ರದಲ್ಲೇ ಸಮರ್ಥ. ಬಟ್ಟಲು ಸೋಲುವ ಕಡೆ ಇದು ಗೆಲ್ಲುತ್ತದೆ. ದಿನವೂ ಬಸ್ಸು ರೈಲುಗಳಲ್ಲಿ ಓಡಾಡುವವರು ಇಂತಹದನ್ನೇ ಕೊಳ್ಳಲಿ. ಮನೆಯ ಮೇಜಿಗೆ ಬ್ಯಾಟರಿಯ ಗೊಡವೆ ನನಗೆ ಬೇಡವೆನಿಸಿತು.

ಇಲ್ಲಿಯವರೆಗೆ ಹೆಚ್ಚು ತಡೆದಷ್ಟೂ ಒಳ್ಳೆಯದು ಎಂಬಂತೆ ಬರೆದುಕೊಂಡು ಬಂದೆ. ನಾನೂ ಹಾಗೆಯೇ ನಂಬಿದ್ದೆ. ಮೇಲೆ ಹೇಳಿದ, ಇಕ್ಕಳದಂತೆ ಹಿಡಿಯುವ ಆ ಮೊದಲ ಹೆಡ್‌ಫೋನನ್ನು ತಂಗಿಯ ಮಗನಿಗೆ ಕೊಡುವ ಮುನ್ನ ಕೆಲವು ದಿನ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿಕೊಂಡು ಬರಿಯ ಸಂಗೀತ ಕೇಳುತ್ತಿದ್ದೆನಷ್ಟೆ. ಅಂತಹ ಒಂದು ರಾತ್ರಿ ಹಾಡು ಮುಗಿದು ಅದನ್ನು ತೆಗೆದಾಗ, ಪರದೆಯಾಚೆ ತಂದೆಯವರು ಗೋಡೆ ಹಿಡಿದು ಕತ್ತಲಲ್ಲಿ ಒಂಟಿ ಕಾಲಿನ ಮೇಲೆ ನಿಂತಿದ್ದರು. ನೀರಿಗಾಗಿ ನಾಲ್ಕು ಬಾರಿ ಕರೆದಿದ್ದರಂತೆ. ಕರೆದು ಸಾಕಾಗಿ ತಾವೇ ಎದ್ದಿದ್ದರು. ಊರುಗೋಲು ಕೈಗೆ ಸಿಕ್ಕಿರಲಿಲ್ಲ. ಬೀಳಲಿಲ್ಲ. "ನೀನು ಪಾಠ ಓದುತ್ತಿದ್ದೀ ಎಂದುಕೊಂಡೆ" ಎಂದರು. ನನ್ನ ಹೆಡ್‌ಫೋನು ತನ್ನ ಕೆಲಸವನ್ನು ಸೊಗಸಾಗಿ ಮಾಡಿತ್ತು. ಮನುಷ್ಯನ ಮಾತಿನ ಕಂಪನ ಸಂಖ್ಯೆಗಳನ್ನೇ ಅದು ಅತ್ಯಂತ ಚೆನ್ನಾಗಿ ತಡೆದದ್ದು.

ಅನಂತರ ನಾನು ಅಂಗಡಿಗೆ ಹೋದದ್ದು ಬೇರೆಯ ಪ್ರಶ್ನೆಯನ್ನಿಟ್ಟುಕೊಂಡು. ಒಳಗಿನ ಸದ್ದು ಪರದೆಯಾಚೆಗೆ ಹೋಗಬಾರದು. ಪರದೆಯಾಚೆಯ ಕರೆ ಮಾತ್ರ ಒಳಗೆ ಬರಬೇಕು. ಭೌತಶಾಸ್ತ್ರ ಇಂತಹ ಏಕಮುಖವಾದ ಗೋಡೆಯನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ಆದರೆ ಒಂದು ಹೊಂದಾಣಿಕೆ ಸಾಧ್ಯ. ಮೆಲ್ಲಗೆ ಕೇಳುವವನಿಗೆ ಸೋರಿಕೆಯನ್ನು ತಡೆಯಲು ಮಧ್ಯಮ ತರದ ಬಟ್ಟಲೇ ಸಾಕು, ಏಕೆಂದರೆ ಸೋರಲು ಅಲ್ಲಿರುವುದೇ ಕಡಮೆ. ಅದೇ ಮಧ್ಯಮ ಬಟ್ಟಲು, ಸಂಗೀತ ಮೆಲ್ಲಗಿದ್ದಾಗ, ಗಟ್ಟಿಯಾದ ಕರೆಯನ್ನು ಒಳಗೆ ಬಿಡುತ್ತದೆ. ಅಗತ್ಯ ಬಿದ್ದಾಗ ಒಂದು ಬದಿಯನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳುವಂತೆ ತಿರುಗುವ ಬಟ್ಟಲಿದ್ದರೆ ಇನ್ನೂ ಅನುಕೂಲ.

ಈ ಸಲ ಕನ್ನಡಕವನ್ನು ತೆಗೆಯಲಿಲ್ಲ. ಪ್ರತಿಯೊಂದನ್ನೂ ಇಪ್ಪತ್ತು ನಿಮಿಷ ಹಾಕಿಕೊಂಡು ಕುಳಿತೆ; ಅಂಗಡಿಯ ಹುಡುಗ ತಾಳ್ಮೆಗೆಡದೆ ಸಹಿಸಿದನು. ಮೊದಲು ಬರಿಯ ತಂಬೂರಿ ನುಡಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದೆ, ದವಡೆಯನ್ನು ಆಡಿಸಿದೆ. ಶ್ರುತಿಯ ಬಣ್ಣ ಬದಲಾದರೆ ಮೆತ್ತೆ ಸೋರುತ್ತಿದೆಯೆಂದು ಅರ್ಥ. ಅನಂತರ ಮೃದಂಗ. ಅದರ ಬಲಮುಖದ ಕರಣೆಯ ದೆಸೆಯಿಂದ ಉಪಸ್ವರಗಳು ಸುಸ್ವರವಾಗಿ ಹೊಂದಿಕೊಳ್ಳುತ್ತವೆಯೆಂಬುದನ್ನು ಸಿ. ವಿ. ರಾಮನ್ ಅವರು ೧೯೨೦ರಲ್ಲೇ ಪ್ರಕಟಿಸಿದ್ದರು. ಮುಚ್ಚಿದ ಬಟ್ಟಲಿನಲ್ಲಿ ಕೆಟ್ಟ ಅನುರಣನವಿದ್ದರೆ ಈ ಹೊಂದಿಕೆ ಕಲಕಿ, ಪೆಟ್ಟು ಮರದ ಹಲಗೆಯ ಮೇಲೆ ಬಿದ್ದಂತೆ ಕೇಳುತ್ತದೆ. ಎಡಮುಖದ ಗುಂಕಾರ ಮೆತ್ತೆಯ ಬಿಗಿತಕ್ಕೆ ಸಾಕ್ಷಿ. ಕೊನೆಗೆ ಪರಿಚಿತವಾದ ಒಂದು ಹೆಣ್ಣು ಕಂಠ. ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರಬೇಕು. ಒಂದು ಡೆಸಿಬೆಲ್ ಗಟ್ಟಿಯಾಗಿ ನುಡಿದದ್ದನ್ನು ನಮ್ಮ ಕಿವಿ, ಗಟ್ಟಿಯೆಂದು ಗುರುತಿಸದೆ, 'ಚೆನ್ನಾಗಿದೆ' ಎಂದುಬಿಡುತ್ತದೆ. ಎಚ್‌ಡಿ ೬೦೦ನ್ನು ಬೇಕೆಂದೇ ಮನೆಯಲ್ಲಿ ಬಿಟ್ಟುಹೋಗಿದ್ದೆ. ಅದು ಜೊತೆಗಿದ್ದರೆ ಮತ್ತೆ ಹಳೆಯ ತಪ್ಪು ಪ್ರಶ್ನೆಯನ್ನೇ ಕೇಳುತ್ತಿದ್ದೆನೋ ಏನೋ.

ಆರಿಸಿ ತಂದದ್ದು ಮಖಮಲ್ಲಿನ ಮೆತ್ತೆಯ, ಸಾಧಾರಣ ಬಿಗುವಿನ ಒಂದು ಮಾದರಿ. ಮಖಮಲ್ಲು ಚರ್ಮದಷ್ಟು ಬಿಗಿಯಾಗಿ ಗಾಳಿಯನ್ನು ತಡೆಯದು, ಆದರೆ ಕನ್ನಡಕದ ಕಡ್ಡಿಯ ಸುತ್ತ ಹೊಂದಿಕೊಂಡು ಕೂರುತ್ತದೆ, ಬೇಸಗೆಯಲ್ಲಿ ಬೆವರಿಸುವುದೂ ಕಡಮೆ. ಇದರ ಹೆಸರನ್ನೂ ಹೇಳದಿರುವುದಕ್ಕೆ ಕಾರಣ ವಾಚಕರಿಗೆ ಈಗ ತಿಳಿದಿರಬಹುದು: ನನ್ನ ತಲೆ ಅವರದಲ್ಲ. ಹಾಡು ಇದರಲ್ಲಿ ಎಚ್‌ಡಿ ೬೦೦ರಷ್ಟು ಬಿಚ್ಚಿಕೊಳ್ಳುವುದಿಲ್ಲ. ಪಕ್ಕವಾದ್ಯಗಳೆಲ್ಲ ಒಂದು ಹೆಜ್ಜೆ ಹತ್ತಿರಕ್ಕೆ ಬಂದು ಕುಳಿತಂತೆ ಕೇಳುತ್ತದೆ. ಜೀರುಂಡೆಯ ದೂರು ನಿಂತಿದೆ.

ಕರೆ ಕೇಳಿಸುವುದನ್ನು ನಾನು ಬಟ್ಟಲಿನ ಮೇಲೊಂದೇ ಬಿಡಲಿಲ್ಲ. ತಂದೆಯವರ ಮಂಚದ ಪಕ್ಕದಲ್ಲಿ ಗಂಟೆ ಬಾರಿಸುವ ಗುಂಡಿಯೊಂದನ್ನು ಕೂರಿಸಿ, ಅದರಿಂದ ನನ್ನ ಮೇಜಿಗೆ ಎರಡೆಳೆ ತಂತಿ ಎಳೆದು, ಪ್ರಯೋಗಶಾಲೆಯಲ್ಲಿ ಬಳಸುವಂತಹ ಕೆಂಪು ದೀಪವೊಂದನ್ನು ಉತ್ತರ ಪತ್ರಿಕೆಗಳ ಕಟ್ಟಿನ ಮುಂದೆ ನಿಲ್ಲಿಸಿದ್ದೇನೆ. ದೀಪ, ಗುಂಡಿ, ತಂತಿ, ಬ್ಯಾಟರಿ ಎಲ್ಲ ಸೇರಿ ಹೆಡ್‌ಫೋನಿನ ಬೆಲೆಯಲ್ಲಿ ನೂರರಲ್ಲೊಂದು ಪಾಲೂ ಆಗಲಿಲ್ಲ. ಅವರು ಅದನ್ನು ಮೊದಲ ರಾತ್ರಿ ಮೂರು ಸಲ ಒತ್ತಿದರು. ಮೂರು ಸಲವೂ ಅದು ಕೆಲಸ ಮಾಡುತ್ತದೆಯೆ ಎಂದು ನೋಡುವುದಕ್ಕಾಗಿ.